ಮೊಲದ ಮೇವು, ಕರುಳಿನ ಸೂಕ್ಷ್ಮಾಣುಜೀವಿಗಳು ಮತ್ತು ರೋಗನಿರೋಧ ಶಕ್ತಿ

ಮೊಲಗಳನ್ನು ಸಾಕುವವರಿಗೆ ಅಧಿಕ ನಷ್ಟವುಂಟಾಗುವುದು ಮರಿಗಳು ತಾಯಿಯ ಹಾಲನ್ನು ಬಿಟ್ಟ ತರುವಾಯದ ಕೆಲವು ವಾರಗಳಲ್ಲಿ. ನಿನ್ನೆಯವರೆಗೆ ಚುರುಕಾಗಿ ಓಡಾಡುತ್ತಿದ್ದ ಮರಿಯು ಇಂದು ಮೂಲೆಯಲ್ಲಿ ಮುದುರಿಕೊಂಡು, ಹೊಟ್ಟೆಯುಬ್ಬಿ, ಭೇದಿಯಾಗಿ, ಒಂದೆರಡು ದಿನಗಳೊಳಗೆ ಸಾಯುವುದುಂಟು. ಇದನ್ನು ಶೀತವೆಂದೋ, ತಳಿಯ ದೋಷವೆಂದೋ ಹಲವರು ಎಣಿಸುವರು. ಆದರೆ ವಿಚಾರಿಸಿ ನೋಡಿದರೆ, ಅನೇಕ ವೇಳೆ ತಪ್ಪು ಮೇವಿನಲ್ಲಿಯೇ ಇರುವುದು ಕಂಡುಬರುವುದು.

ಹೊಟ್ಟೆಯ ರಚನೆ

ದನವು ಮೇವನ್ನು ಮೆಲುಕು ಹಾಕಿ ಜೀರ್ಣಿಸಿಕೊಳ್ಳುವುದು, ಮೊಲಕ್ಕೆ ಮೆಲುಕಿಲ್ಲ. ಅದರ ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವೆಡೆಯಲ್ಲಿ ಅಂಧಕರುಳೆಂಬ ದೊಡ್ಡ ಚೀಲವಿರುವುದು. ಜೀರ್ಣಾಂಗಗಳಲ್ಲಿರುವ ಒಟ್ಟು ಪದಾರ್ಥದಲ್ಲಿ ನೂರಕ್ಕೆ ಸುಮಾರು 40 ಭಾಗವು ಇದರಲ್ಲಿಯೇ ಇರುವುದು. ಇಲ್ಲಿ ಕೋಟ್ಯಂತರ ಸೂಕ್ಷ್ಮಾಣುಜೀವಿಗಳು ವಾಸಿಸುತ್ತ, ಹುಲ್ಲಿನ ನಾರನ್ನು ಹುಳಿಯಿಸಿ ಕೆಲವು ಆಮ್ಲಗಳನ್ನು ಉತ್ಪತ್ತಿ ಮಾಡುವುವು. ಈ ಆಮ್ಲಗಳು ಪ್ರಾಣಿಗೆ ಶಕ್ತಿಯನ್ನು ಕೊಡುವುದಲ್ಲದೆ, ಕರುಳಿನ ಒಳಪೊರೆಯನ್ನು ಪೋಷಿಸಿ, ಕೆಟ್ಟ ಜೀವಾಣುಗಳು ಹೆಚ್ಚದಂತೆ ತಡೆಯುವುವು.

ಮೊಲವು ಗಟ್ಟಿ ಹಿಕ್ಕೆಯಲ್ಲದೆ, ಅಂಧಕರುಳಿನಿಂದ ಬರುವ ಮೃದುವಾದ ಹಿಕ್ಕೆಯನ್ನೂ ಹಾಕಿ, ಅದನ್ನು ನೆಲಕ್ಕೆ ಬೀಳಗೊಡದೆ ತಾನೇ ಬಾಯಿಟ್ಟು ನುಂಗುವುದು. ಫ್ರಾನ್ಸಿನ ಪಶುವೈದ್ಯನಾದ ಮೊರೋ ಎಂಬಾತನು ಇದನ್ನು 1882ರಲ್ಲಿ ವರ್ಣಿಸಿದನು. ಇದು ಕೆಟ್ಟ ಅಭ್ಯಾಸವಲ್ಲ. ಸೂಕ್ಷ್ಮಾಣುಜೀವಿಗಳು ಸಿದ್ಧಪಡಿಸಿದ ಸಸಾರಜನಕವೂ ಬಿ ಜೀವಸತ್ತ್ವಗಳೂ ಮೊಲಕ್ಕೆ ದೊರೆಯುವ ಮಾರ್ಗವಿದು.

ರೋಗನಿರೋಧ ಶಕ್ತಿಯು ಬರುವ ಬಗೆ

ಅಂಧಕರುಳಿನ ತುದಿಯಲ್ಲಿರುವ ಅಂತ್ರಪುಚ್ಛವು ಮರಿಯ ರೋಗನಿರೋಧ ಶಕ್ತಿಗೆ ಪಾಠಶಾಲೆಯಂತಿರುವುದು. ರೋಗವನ್ನೆದುರಿಸುವ ನಾನಾ ಬಗೆಯ ಪ್ರತಿವಿಷಗಳನ್ನು ಮಾಡಲು ರಕ್ತದ ಬಿಳಿಕಣಗಳು ಕಲಿಯುವುದು ಮರಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ, ಇಲ್ಲಿಯೇ. ಕರುಳಿನ ಸೂಕ್ಷ್ಮಾಣುಜೀವಿಗಳು ಒಳಹೋಗದಂತೆ ಎಳೆಮರಿಯ ಅಂತ್ರಪುಚ್ಛವನ್ನು ಕಟ್ಟಿಬಿಟ್ಟಾಗ, ಅದು ಸರಿಯಾಗಿ ಬೆಳೆಯದೆ ಹೋದುದನ್ನು ವಿಜ್ಞಾನಿಗಳು ಕಂಡಿರುವರು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದೇ ಜಾತಿಯ ಜೀವಾಣುವಿನಿಂದ ಸಾಧ್ಯವಾಗದ ಈ ಬೆಳವಣಿಗೆಯು ಎರಡು ಜಾತಿಗಳು ಕೂಡಿದಾಗ ಸಾಧ್ಯವಾಯಿತು. ಆದುದರಿಂದ ಮರಿಯ ಕರುಳಿನಲ್ಲಿ ಹಲವು ಬಗೆಯ ಒಳ್ಳೆಯ ಜೀವಾಣುಗಳು ನೆಲೆಗೊಳ್ಳುವುದು ಅತ್ಯಾವಶ್ಯಕ.

ಕೆಡುವ ರೀತಿ

ಎಳೆಮರಿಗಳಿಗೆ ಹಿಟ್ಟಿನ ಪದಾರ್ಥಗಳನ್ನು ಪೂರ್ತಿಯಾಗಿ ಜೀರ್ಣಿಸುವ ಶಕ್ತಿಯಿರುವುದಿಲ್ಲ. ಬೇಗ ಕೊಬ್ಬಲೆಂದು ಮೆಕ್ಕೆಜೋಳ, ರಾಗಿಹಿಟ್ಟು, ಅನ್ನಗಳನ್ನು ಯಥೇಚ್ಛವಾಗಿ ಹಾಕಿದರೆ, ಜೀರ್ಣವಾಗದುಳಿದ ಪಿಷ್ಟವು ಅಂಧಕರುಳನ್ನು ಸೇರುವುದು. ನಾರು ಕಡಿಮೆಯಾದುದರಿಂದ ಕರುಳಿನ ಚಲನೆಯೂ ಮಂದವಾಗುವುದು. ಆಗ ಕ್ಲಾಸ್ಟ್ರಿಡಿಯಂ ಮೊದಲಾದ ದುಷ್ಟ ಜೀವಾಣುಗಳು ಹೆಚ್ಚಿ, ವಿಷವನ್ನುಂಟುಮಾಡಿ, ಮರಿಯನ್ನು ಕೊಲ್ಲುವುವು.

ಸಾಕುವವರು ಅನುಸರಿಸತಕ್ಕ ಕ್ರಮಗಳು

1. ಒಳ್ಳೆಯ ಒಣಹುಲ್ಲು ಹಗಲಿರುಳೂ ಗೂಡಿನಲ್ಲಿರತಕ್ಕದ್ದು. ಬೂಷ್ಟು ಹಿಡಿದುದನ್ನು ಹಾಕಕೂಡದು.

2. ಗರಿಕೆ, ಕುದುರೆಮಸಾಲೆ, ಅಲಸಂದೆ ಸೊಪ್ಪುಗಳನ್ನು ಸ್ವಲ್ಪ ಬಾಡಿಸಿ ಮಿತವಾಗಿ ಕೊಡಬಹುದು. ರೇಷ್ಮೆ ಬೆಳೆಯುವವರು ಹಿಪ್ಪುನೇರಳೆ ಸೊಪ್ಪನ್ನೂ ಕೊಡಬಹುದು. ಆದರೆ ಔಷಧ ಸಿಂಪಡಿಸಿದ ತೋಟದ ಸೊಪ್ಪು ಸಲ್ಲದು.

3. ಕಾಳು, ಹಿಂಡಿಗಳು ಮಿತವಾಗಿರಲಿ. ಕೊಂಡುತಂದ ಕೈತಿಂಡಿಯಲ್ಲಿ ನಾರಿನಂಶವು ನೂರಕ್ಕೆ 14ಕ್ಕಿಂತ ಕಡಿಮೆಯಿರಕೂಡದು.

4. ಮರಿಗಳನ್ನು 28 ದಿನಗಳಿಗೆ ಮುಂಚೆ ಹಾಲು ಬಿಡಿಸಬಾರದು. ಬಿಡಿಸುವಾಗ ತಾಯಿಯನ್ನು ಬೇರೆಡೆಗೆ ಒಯ್ದು, ಮರಿಗಳನ್ನು ಅದೇ ಗೂಡಿನಲ್ಲಿ, ಅದೇ ಮೇವಿನಲ್ಲಿ ಕೆಲವು ದಿನ ಇಡುವುದು ಉತ್ತಮ.

5. ಮೇವನ್ನು ಒಮ್ಮೆಗೇ ಬದಲಾಯಿಸದೆ, ಹಳೆಯದರೊಡನೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ, 7ರಿಂದ 10 ದಿನಗಳಲ್ಲಿ ಬದಲಾಯಿಸತಕ್ಕದ್ದು. ಬೇರೆ ಊರಿನಿಂದ ಮೊಲಗಳನ್ನು ತರುವವರು ಅಲ್ಲಿಯ ಮೇವನ್ನೂ ಕೆಲವು ದಿನಗಳಿಗಾಗುವಷ್ಟು ತರುವುದು ಮೇಲು.

6. ಶುದ್ಧವಾದ ನೀರು ಸದಾ ಇರಬೇಕು.

7. ಭೇದಿಯನ್ನು ಕಂಡೊಡನೆ ಅಂಗಡಿಯ ಮಾತ್ರೆಗಳನ್ನು ನುಂಗಿಸುವುದು ಬಹಳ ಅಪಾಯಕರ. ಪೆನಿಸಿಲಿನ್, ಆಂಪಿಸಿಲಿನ್, ಲಿಂಕೊಮೈಸಿನ್ ಮುಂತಾದುವನ್ನು ಬಾಯಿಯ ಮೂಲಕ ಕೊಟ್ಟರೆ, ಒಳ್ಳೆಯ ಜೀವಾಣುಗಳು ನಾಶವಾಗಿ, ಔಷಧದಿಂದಲೇ ಮೊಲವು ಸಾಯಬಹುದು. ಪಶುವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಕೊಡಕೂಡದು.

ದನಕರುಗಳಿಗೆ ಮೇವನ್ನು ತೂಗಿ ಅಳೆದು ಹಾಕುವ ಜಮೀನುದಾರರು, ಮೊಲವು ಸಣ್ಣ ಪ್ರಾಣಿಯೆಂದು ಮನೆಯಲ್ಲಿ ಮಿಕ್ಕುದನ್ನೆಲ್ಲ ಅದಕ್ಕೆ ಸುರಿಯುವುದು ವಿವೇಕವಲ್ಲ. ಮೊಲಕ್ಕೆ ಹಾಕುವ ಮೇವು ಮೊದಲು ಅದರ ಕರುಳಿನ ಜೀವಾಣುಗಳಿಗೆ ಹಾಕಿದ ಮೇವು. ಅವು ಕ್ಷೇಮವಾಗಿದ್ದರೆ ಮೊಲವೂ ಕ್ಷೇಮವಾಗಿರುವುದು. ಸಾಲ ಮಾಡಿ ಮೊಲಗಳನ್ನು ಕೊಂಡ ಬಡ ರೈತನಿಗೆ ಒಂದು ಸೂಲಿನ ಮರಿಗಳೆಲ್ಲ ಸತ್ತರೆ ಆಗುವ ನಷ್ಟವು ಅಲ್ಪವಲ್ಲ. ಆದುದರಿಂದ ಗ್ರಾಮದ ಮುಖಂಡರು ಈ ಕ್ರಮಗಳನ್ನು ತಾವು ಅನುಸರಿಸುವುದಲ್ಲದೆ, ಓದಲಾರದ ನೆರೆಯವರಿಗೂ ಓದಿ ತಿಳಿಸಬೇಕಾಗಿ ಕೋರಲಾಗಿದೆ.