ಹಗಲಲ್ಲೂ ತೂಕಡಿಕೆ? ಬಲ್ಬ್ ನೋಡಿ

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದ್ದು 1902ರಲ್ಲಿ. ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ಆಗ ಪಕ್ಕದ ಹಳ್ಳಿಗಳಲ್ಲಿ ಬುಡ್ಡಿದೀಪವೇ ಗತಿಯಾಗಿತ್ತು.

ಈಗ ಮದ್ದೂರಿನ ಯಾವ ಆಫೀಸಿಗೆ ಹೋದರೂ ಟ್ಯೂಬ್‌ಲೈಟ್ ಉರೀತಿರುತ್ತೆ, ಆದ್ರೂ ಮಧ್ಯಾಹ್ನ ತೂಕಡಿಕೆ. ಮುದ್ದೆ ಊಟ ಒಂದು ಕಾರಣ, ಒಪ್ಕೋತೀನಿ. ಇನ್ನೊಂದು, ಬೆಳಕು. ಹೊರಗೆ ಕಬ್ಬಿನ ಗದ್ದೆ ಮೇಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಮುಟ್ಟುತ್ತೆ. ಒಳಗೆ 300 ಇದ್ರೆ ಪುಣ್ಯ! ಕಣ್ಣು ಹೊಂದಿಕೊಂಡುಬಿಡುತ್ತೆ, ವ್ಯತ್ಯಾಸ ಗೊತ್ತಾಗಲ್ಲ.

ಆದ್ರೆ ಕಣ್ಣಿನ ರೆಟಿನಾದಲ್ಲಿ ಹೊತ್ತು ತಿಳಿಯೋಕೆ ಅಂತಲೇ ಬೇರೆ ಕೋಶಗಳಿವೆ, 2002ರಲ್ಲಿ ಪತ್ತೆಯಾದವು. ನೀಲಿ ಅಂಶ ಹೆಚ್ಚಿರೋ ಬೆಳಕು ಬಿದ್ರೆ ಅವು ಮಿದುಳಿಗೆ ಹಗಲಾಗಿದೆ ಅಂತ ಸುದ್ದಿ ಮುಟ್ಟಿಸ್ತವೆ. ನಿದ್ದೆಯ ಸೂಚನೆ ಕೊಡೋ ಮೆಲಟೋನಿನ್ ತಗ್ಗುತ್ತೆ. ದಿನವಿಡೀ ಮಬ್ಬಲ್ಲೇ ಕೂತ್ರೆ ಗಮನ ಜಾರುತ್ತೆ, ಮನಸ್ಸೂ ಮಂಕಾಗುತ್ತೆ.

ಹಳೇ ತೊಟ್ಟಿಮನೆಯಲ್ಲಿ ನಡುಮನೆಗೇ ಆಕಾಶ ಇಳೀತಿತ್ತು. ನಾವು ಶೀಟು ಹೊದಿಸಿ, ಎಲ್‌ಇಡಿ ಹಾಕ್ಕೊಂಡ್ವಿ. ಬುದ್ಧಿವಂತರು!

ಮಕ್ಕಳು ಓದೋ ಮೇಜನ್ನ ಕಿಟಕಿ ಪಕ್ಕಕ್ಕೆ ಎಳೀರಿ. ಹಗಲಿಗೆ 6500 ಕೆಲ್ವಿನ್‌ನ ಬಿಳಿ ಬಲ್ಬ್, ಮಲಗೋಕೆ ಮುಂಚೆ ನೀಲಿ ಅಂಶ ಕಮ್ಮಿ ಇರೋ 2700ರ ಹಳದಿ. ಅಂಕಿ ಬಲ್ಬಿನ ಡಬ್ಬದ ಮೇಲೇ ಇರುತ್ತೆ.