ಬೇಸಗೆಯ ರಜೆಯೂ ಬಾಲಿಕೆಯರ ಗಣಿತವೂ

ಪರೀಕ್ಷೆಗಳು ಮುಗಿದು ಶಾಲೆಗೆ ಬೀಗ ಬಿದ್ದೊಡನೆಯೆ ನಮ್ಮ ಮನೆಗಳಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಏರ್ಪಾಡು ನಡೆಯುವುದುಂಟು. ಹುಡುಗನನ್ನು ಪಟ್ಟಣದ ಯಾವುದಾದರೊಂದು ತರಗತಿಗೆ ಸೇರಿಸುವ ಮಾತು ಏಳುತ್ತದೆ. ಹುಡುಗಿಯ ಪಾಲಿಗೆ ಹಪ್ಪಳ ಸಂಡಿಗೆ, ಅಜ್ಜಿಯ ಮನೆ, ಮದುವೆಮುಂಜಿಗಳ ಓಡಾಟ. ಇವೆಲ್ಲ ಕೂಡದೆಂದು ನಾವು ಹೇಳತಕ್ಕವರಲ್ಲ. ಹಪ್ಪಳದ ಹಿಟ್ಟು ಹದಗೊಳಿಸುವುದರಲ್ಲಿಯೂ ಲೆಕ್ಕವುಂಟು. ಆದರೆ ಆ ದೀರ್ಘ ವಿರಾಮದಲ್ಲಿ ಕೆಲವು ದಿನಗಳನ್ನಾದರೂ ಪ್ರೌಢಶಾಲೆಯ ಬಾಲಿಕೆಯರು ಗಣಿತಕ್ಕಾಗಿಯೇ ಒಟ್ಟುಗೂಡಿ ಕಳೆದರೆ ಏನಾದೀತೆಂಬುದನ್ನು ಬೇರೆ ದೇಶದವರು ನಡೆಸಿ ನೋಡಿದ್ದಾರೆ. ಆ ವೃತ್ತಾಂತವು ನಮ್ಮ ಗೃಹಸ್ಥರಿಗೂ ತಿಳಿದಿರತಕ್ಕದ್ದೆಂದು ತೋರಿದುದರಿಂದ ಈ ಲೇಖನವನ್ನು ಬರೆಯಲುದ್ಯುಕ್ತರಾಗಿದ್ದೇವೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮ್ಯಾಸಚೂಸೆಟ್ಸ್ ಎಂಬ ಪ್ರಾಂತವಿದೆ. ಅಲ್ಲಿಯ ಸೌತ್ ಹ್ಯಾಡ್ಲಿ ಎಂಬ ಊರಿನಲ್ಲಿ 1837ರಲ್ಲಿ ಮೇರಿ ಲಯನ್ ಎಂಬ ಉಪಾಧ್ಯಾಯಿನಿಯವರು ಸ್ತ್ರೀಯರಿಗಾಗಿ ಒಂದು ವಿದ್ಯಾಲಯವನ್ನು ಸ್ಥಾಪಿಸಿದರು. ಶುಲ್ಕ ಹಗುರವಾಗಲೆಂದು ವಿದ್ಯಾರ್ಥಿನಿಯರೇ ಸರದಿಯ ಮೇಲೆ ಮನೆಗೆಲಸಗಳನ್ನು ಮಾಡಿಕೊಳ್ಳುತ್ತಿದ್ದರು. ವಿಜ್ಞಾನ ಗಣಿತಗಳಲ್ಲಿ ಮಾತ್ರ ಹೆಂಗಸರೆಂದು ಯಾವ ರಿಯಾಯಿತಿಯೂ ಇರಲಿಲ್ಲ. ಇಂದಿನ ಮೌಂಟ್ ಹೋಲಿಯೋಕ್ ಕಾಲೇಜು ಅದೇ. ಈ ಕಾಲೇಜಿನಲ್ಲಿ 1982ರಲ್ಲಿ ಪ್ರೌಢಶಾಲೆಯ ಬಾಲಿಕೆಯರಿಗೆಂದೇ ‘ಸಮ್ಮರ್‌ಮ್ಯಾತ್’ ಎಂಬ ಬೇಸಗೆಯ ಗಣಿತ ಶಿಬಿರವು ಪ್ರಾರಂಭವಾಗಿ ಬಹು ವರ್ಷ ನಡೆಯಿತು. ಷಾರ್ಲೀನ್ ಮಾರೊ, ಜೇಮ್ಸ್ ಮಾರೊ ಎಂಬಿಬ್ಬರು ದೀರ್ಘಕಾಲ ಅದರ ಮೇಲ್ವಿಚಾರಕರಾಗಿದ್ದರು. ಬಾಲಿಕೆಯರು ಕಾಲೇಜಿನ ವಸತಿಗೃಹದಲ್ಲಿಯೇ ಇದ್ದು ವಾರಗಟ್ಟಲೆ ಅಭ್ಯಾಸ ಮಾಡುತ್ತಿದ್ದರು.

ನಮಗೆ ಕೌತುಕವೆನಿಸಿದುದು ಅಲ್ಲಿಯ ಬೋಧನಕ್ರಮ. ಉಪಾಧ್ಯಾಯರು ಹಲಗೆಯ ಮುಂದೆ ನಿಂತು ಲೆಕ್ಕ ಮಾಡಿ ತೋರಿಸುವ ರೂಢಿಯೇ ಅಲ್ಲಿಲ್ಲ. ಬಾಲಿಕೆಯರು ಇಬ್ಬಿಬ್ಬರಾಗಿ ಕುಳಿತುಕೊಳ್ಳಬೇಕು. ಒಬ್ಬಳು ಲೆಕ್ಕವನ್ನು ಬಿಡಿಸುತ್ತ, ತನ್ನ ಮನಸ್ಸಿನಲ್ಲಿ ಹೊಳೆಯುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬಳು ತಾನು ಬಿಡಿಸಕೂಡದು, ಉತ್ತರವನ್ನು ಸೂಚಿಸಲೂಕೂಡದು. ಕಿವಿಗೊಟ್ಟು ಕೇಳಿ, ತಿಳಿಯದೆಡೆಯಲ್ಲಿ ‘ಇದು ಹೇಗೆ? ಇಲ್ಲಿ ಏಕೆ ಕೂಡಿಸಿದೆ?’ ಎಂದು ತಡೆದು ನಿಲ್ಲಿಸಬೇಕು. ಬಳಿಕ ಸರದಿ ಬದಲಾಗುತ್ತದೆ. ಉಪಾಧ್ಯಾಯರನ್ನು ಕರೆದು ‘ಇದು ಸರಿಯೇ?’ ಎಂದರೆ ಅವರು ಸರಿಯೆಂದಾಗಲಿ ತಪ್ಪೆಂದಾಗಲಿ ಹೇಳದೆ ಮತ್ತೊಂದು ಪ್ರಶ್ನೆಯನ್ನೇ ಹಾಕುವರು. ನಮ್ಮ ಪಾಠಶಾಲೆಗಳಲ್ಲಿ ಪೂರ್ವಪಕ್ಷ ಸಿದ್ಧಾಂತಗಳನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತ ಕಲಿಯುತ್ತಿದ್ದ ವಾಕ್ಯಾರ್ಥದ ಪದ್ಧತಿಯನ್ನು ಬಲ್ಲವರಿಗೆ ಇದು ಪರಕೀಯವೆಂದು ತೋರಲಾರದು.

ಶಿಬಿರದಲ್ಲಿ ಗಣಕಯಂತ್ರದ ವರ್ಗವೂ ಉಂಟು. ಅಲ್ಲಿ ಬಳಸುತ್ತಿದ್ದ ಲೋಗೋ ಎಂಬ ಯಂತ್ರಭಾಷೆಯಲ್ಲಿ ತೆರೆಯ ಮೇಲೊಂದು ಆಮೆಯಿರುತ್ತದೆ; ‘ಇಷ್ಟು ಮುಂದಕ್ಕೆ ಹೋಗು, ಇಷ್ಟು ಅಂಶ ತಿರುಗು’ ಎಂದರೆ ಅದು ಗೆರೆಯೆಳೆಯುತ್ತ ಸಾಗುವುದು. ಸಮಪಂಚಭುಜವೊಂದನ್ನು ಬರೆಯಿಸಬೇಕೆನ್ನಿ. ಅದರ ಒಳಕೋನ 108 ಅಂಶವೆಂದು ಪುಸ್ತಕದಲ್ಲಿ ಓದಿರುವುದರಿಂದ ಹೊಸಬರು 108 ಅಂಶ ತಿರುಗಿಸುವರು, ಪಂಚಭುಜ ಬಾರದು. ತಿರುಗಬೇಕಾದುದು ಹೊರಕೋನದಷ್ಟು, ಎಂದರೆ 72 ಅಂಶವೆಂಬುದು ಎರಡು ಮೂರು ಸಲ ಕೆಟ್ಟ ಮೇಲೆ ತಾನಾಗಿಯೇ ತಿಳಿದುಬರುತ್ತದೆ. ಹೀಗೆ ತಿಳಿದದ್ದು ಮರೆಯುವುದಿಲ್ಲ. ಇಲ್ಲಿ ತಪ್ಪನ್ನು ಯಾರೂ ಆಡಿಕೊಳ್ಳುವುದಿಲ್ಲವೆಂಬುದೇ ಮುಖ್ಯ. ಆಮೆಗೆ ನಗುವ ಬುದ್ಧಿಯಿಲ್ಲವಷ್ಟೆ.

ಬಾಲಿಕೆಯರಿಗೆ ಇಂತಹ ಎಡೆ ಪ್ರತ್ಯೇಕವಾಗಿ ಏತಕ್ಕೆ ಬೇಕು? ಮೂವತ್ತಕ್ಕೂ ಮಿಕ್ಕ ವರ್ಷ ಶಾಲೆಗಳಲ್ಲಿ ಕಳೆದ ನಾವು ಕಂಡದ್ದನ್ನು ಹೇಳುತ್ತೇವೆ. ಹುಡುಗರೂ ಹುಡುಗಿಯರೂ ಕೂಡಿರುವ ವರ್ಗದಲ್ಲಿ ಪ್ರಶ್ನೆ ಬಾಯಿಂದ ಹೊರಡುವ ಮುನ್ನವೇ ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಅರ್ಧ ಉತ್ತರವನ್ನು ಕೂಗುವನು. ಅದರಲ್ಲಿ ಪಾಲು ತಪ್ಪು. ಎದುರಿನ ಸಾಲಿನ ಹುಡುಗಿಯ ನೋಟುಪುಸ್ತಕದಲ್ಲಿ ಪೂರ್ಣವಾದ ಉತ್ತರವಿರುವುದು, ಆದರೆ ಕೈ ಮೇಲೇಳದು. ‘ಏಕಮ್ಮ ಹೇಳಲಿಲ್ಲ?’ ಎಂದರೆ ‘ತಪ್ಪಿದ್ದರೆ ಎಲ್ಲರೂ ನಗುತ್ತಾರೆ, ಸಾರ್’ ಎನ್ನುವಳು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ನಾಡಿನ ಹುಡುಗಿಯರು ವರ್ಷವರ್ಷವೂ ಹುಡುಗರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ತೇರ್ಗಡೆಯಾಗುತ್ತಿರುವುದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದುತ್ತೇವೆ. ಆದುದರಿಂದ ಶಕ್ತಿಯ ಕೊರತೆಯೆಂಬ ಮಾತು ನಿಲ್ಲದು. ಕೊರತೆ ಧೈರ್ಯದ್ದು, ಅದೂ ಹುಟ್ಟಿನಿಂದ ಬಂದದ್ದಲ್ಲ, ನಾವೆಲ್ಲರೂ ಸೇರಿ ಕಲಿಸಿದ್ದು. ಹತ್ತನೆಯ ತರಗತಿಯವರೆಗೆ ಗಣಿತವನ್ನು ಬಿಡುವಂತಿಲ್ಲ. ಅದು ಮುಗಿದ ಬೇಸಗೆಯಲ್ಲಿ, ಮನೆಯ ಜಗಲಿಯ ಮೇಲೆ ಒಂದು ಸಂಜೆಯ ಮಾತಿನಲ್ಲಿ, ‘ಇನ್ನು ಅದೇಕೆ ನಿನಗೆ?’ ಎಂಬೊಂದು ಪ್ರಶ್ನೆಯಿಂದ ಎಷ್ಟೋ ಹುಡುಗಿಯರ ಗಣಿತ ಕೊನೆಗಾಣುತ್ತದೆ.

ಹೆಂಗಸರಿಗೆ ಗಣಿತವೇ ಎಂದು ಮೂಗುಮುರಿಯುವ ಹಿರಿಯರು ಲೀಲಾವತಿಯ ಹೆಸರನ್ನು ಕೇಳಿಯೇ ಇರುವರು. ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ತನ್ನ ಊರೆಂದು ಹೇಳಿಕೊಂಡ ಭಾಸ್ಕರಾಚಾರ್ಯನು 1150ರ ಸುಮಾರಿನಲ್ಲಿ ರಚಿಸಿದ ಗ್ರಂಥವದು. ಆ ಊರು ನಮ್ಮ ವಿಜಯಪುರವೇ ಎಂದು ಹೇಳುವವರುಂಟು, ಅಲ್ಲವೆನ್ನುವವರೂ ಉಂಟು. ಗ್ರಂಥದ ಹಲವು ಪ್ರಶ್ನೆಗಳು ‘ಬಾಲೆ’ ಎಂದು ಹುಡುಗಿಯೊಬ್ಬಳನ್ನು ಸಂಬೋಧಿಸುತ್ತವೆ. ಲಗ್ನದ ಮುಹೂರ್ತವನ್ನು ತೋರಿಸುವ ಘಟಿಕಾಯಂತ್ರದಲ್ಲಿ ಮಗಳ ಮುತ್ತೊಂದು ಬಿದ್ದು ರಂಧ್ರ ಮುಚ್ಚಿ, ಮುಹೂರ್ತ ತಪ್ಪಿ, ಮದುವೆಯಿಲ್ಲದಂತಾದ ಅವಳನ್ನು ಸಮಾಧಾನಪಡಿಸಲು ತಂದೆಯು ಈ ಪುಸ್ತಕವನ್ನು ಬರೆದನೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಭಾಸ್ಕರನ ಮಾತಿನಲ್ಲಿ ಈ ಕಥೆಯಿಲ್ಲ. 1587ರಲ್ಲಿ ಫೈಜಿಯು ಮಾಡಿದ ಪಾರಸೀ ಭಾಷಾಂತರದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಕಥೆ ಇಂಪಾದದ್ದೇ. ಆದರೂ ಮದುವೆ ತಪ್ಪಿದ ಹೆಣ್ಣಿಗೆ ಗಣಿತವೊಂದು ಸಾಂತ್ವನವೆಂಬ ಅದರ ಭಾವ ನಮಗೆ ಹಿಡಿಸದು. ಅಷ್ಟು ಸರಸವಾಗಿ ದುಂಬಿ, ಹಂಸ, ನವಿಲುಗಳ ಮೇಲೆ ಲೆಕ್ಕಗಳನ್ನು ಹೆಣೆದವನು ಕಣ್ಣೀರೊರಸುವುದಕ್ಕಾಗಿ ಹೆಣೆದನೆನ್ನುವುದಕ್ಕಿಂತ, ಬುದ್ಧಿಯುಳ್ಳ ಬಾಲಿಕೆಗೆ ಬುದ್ಧಿಯುಳ್ಳ ಮಾತನ್ನಾಡಿದನೆನ್ನುವುದು ಮೇಲು.

ಅಮೆರಿಕದ ಮಾತಿಗೆ ಮರಳೋಣ. ನೆಬ್ರಾಸ್ಕ ಪ್ರಾಂತದ ಲಿಂಕನ್ ನಗರದ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ‘ಆಲ್ ಗರ್ಲ್ಸ್ ಆಲ್ ಮ್ಯಾತ್’ ಎಂಬ ಇನ್ನೊಂದು ಶಿಬಿರ ಮೊದಲಾಯಿತು. ಅದು ಒಂದೇ ವಾರದ್ದು. ಇಂತಹ ಶಿಬಿರಗಳಲ್ಲಿ ಶಾಲೆಯ ಪಾಠವನ್ನೇ ಮತ್ತೆ ಅರೆಯುವುದಿಲ್ಲ. ಶಾಲೆಯಲ್ಲಿ ಕಾಣದ, ಆದರೆ ಶಾಲೆಯ ಅಂಕಗಣಿತದಿಂದಲೇ ಕೈಗೆಟಕುವ ವಿಷಯಗಳನ್ನು ಆರಿಸುವರು. ಸಂಕೇತಗಳ ಗಣಿತ ಇವುಗಳಲ್ಲೊಂದು. ವಾಚಕರು ಮನೆಯಲ್ಲಿರುವ ಹೊಸ ಪುಸ್ತಕವೊಂದರ ಬೆನ್ನುಪುಟವನ್ನು ನೋಡಲಿ. ಪಟ್ಟೆಪಟ್ಟೆಯ ಗುರುತಿನ ಕೆಳಗೆ ಹದಿಮೂರು ಅಂಕೆಗಳಿರುತ್ತವೆ. ಮೊದಲ ಹನ್ನೆರಡು ಪುಸ್ತಕದ ಗುರುತು, ಕಡೆಯದೊಂದು ಕಾವಲುಗಾರ. ಮಾದರಿಗಾಗಿ 978812345678 ಎಂಬ ಹನ್ನೆರಡು ಅಂಕೆಗಳನ್ನು ತೆಗೆದುಕೊಳ್ಳೋಣ. ಬೆಸ ಸ್ಥಾನದ ಅಂಕೆಗಳ ಮೊತ್ತ 33. ಸಮ ಸ್ಥಾನದವುಗಳ ಮೊತ್ತ 35; ಅದನ್ನು 3ರಿಂದ ಗುಣಿಸಿದರೆ 105. ಎರಡೂ ಸೇರಿ 138. ಹತ್ತರಿಂದ ನಿಶ್ಶೇಷವಾಗಿ ಭಾಗವಾಗುವ 140ಕ್ಕೆ 2 ಬೇಕು. ಆ 2 ಎಂಬುದೇ ಹದಿಮೂರನೆಯ ಅಂಕೆ. ಅಂಗಡಿಯವನು ಯಾವುದಾದರೊಂದು ಅಂಕೆಯನ್ನು ತಪ್ಪಾಗಿ ಒತ್ತಿದರೆ ಮೊತ್ತವು ಹತ್ತರ ಗುಣಕವಾಗದೆ ಯಂತ್ರವು ಒಪ್ಪದು.

ಇಷ್ಟನ್ನು ಹೇಳಿಕೊಡುವುದಕ್ಕೆ ಹತ್ತು ನಿಮಿಷ ಸಾಕು. ನಿಜವಾದ ಗಣಿತ ಆರಂಭವಾಗುವುದು ‘ಮೂರೇ ಏಕೆ? ಎರಡರಿಂದ ಗುಣಿಸಿದರೆ ಆಗದೆ?’ ಎಂದು ಬಾಲಿಕೆಯೊಬ್ಬಳು ಕೇಳಿದಾಗ. ಎರಡಾದರೆ, ಸಮ ಸ್ಥಾನದಲ್ಲಿ 1 ಇರಬೇಕಾದೆಡೆ 6 ಬಿದ್ದರೂ ವ್ಯತ್ಯಾಸ ಸರಿಯಾಗಿ ಹತ್ತಾಗಿ, ಕಾವಲುಗಾರನ ಕಣ್ಣಿಗೆ ಕಳ್ಳ ಬೀಳುವುದಿಲ್ಲ. ಮೂರಾದರೆ ವ್ಯತ್ಯಾಸಗಳು 3, 6, 9, 12 ಎಂದು 27ರವರೆಗೆ ಹೋದರೂ ಒಂದೂ ಹತ್ತರಿಂದ ಭಾಗವಾಗದು. ಇದನ್ನು ತಾನೇ ಕಂಡುಕೊಂಡ ಹುಡುಗಿಯು ಮುಂದೆ ದೊಡ್ಡ ದೊಡ್ಡ ಸೂತ್ರಗಳಿಗೆ ಅಂಜುವುದು ಕಷ್ಟ.

ಪ್ರತ್ಯೇಕ ಶಿಬಿರವೆಂದರೆ ಹುಡುಗಿಯರು ಹುಡುಗರೊಡನೆ ಕಲಿಯಲಾರರೆಂದು ಒಪ್ಪಿಕೊಂಡಂತಾಗದೆ ಎಂಬ ಆಕ್ಷೇಪವುಂಟು. ತಳ್ಳಿಹಾಕುವ ಆಕ್ಷೇಪವಲ್ಲ. ಶಿಬಿರದ ಲೆಕ್ಕಗಳು ಸುಲಭವಾಗಿದ್ದಲ್ಲಿ ನಾವೂ ಅದನ್ನೇ ಹೇಳುತ್ತಿದ್ದೆವು, ಅವು ಸುಲಭವಲ್ಲ. ವರ್ಷದ ಉಳಿದ ತಿಂಗಳುಗಳೆಲ್ಲ ಅವರು ಎಲ್ಲರೊಡನೆಯೇ ಓದುವರು. ಶಿಬಿರಕ್ಕೆ ಹೋದವರೆಲ್ಲ ಗಣಿತಜ್ಞರಾಗುವರೆಂದೂ ಯಾರೂ ಭಾವಿಸಬೇಕಾಗಿಲ್ಲ. ಹೋಗುವವರು ಮೊದಲೇ ಸ್ವಲ್ಪ ಆಸೆಯುಳ್ಳವರಾದುದರಿಂದ ಅವರ ಮುಂದಿನ ಏಳಿಗೆಯನ್ನೆಲ್ಲ ಶಿಬಿರದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಆದರೂ ಎಡೆ ಸಿಕ್ಕದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಇರಾಣದ ಮರ್ಯಮ್ ಮಿರ್ಜಾಖಾನಿಯವರ ಚರಿತ್ರೆಯನ್ನು ನೋಡಬಹುದು. 1977ರಲ್ಲಿ ಹುಟ್ಟಿದ ಈಕೆ ತೆಹರಾನಿನ ಫರ್ಜಾನೆಗಾನ್ ಎಂಬ ಬಾಲಿಕೆಯರ ಶಾಲೆಯಲ್ಲಿ ಓದಿದರು. ಅಲ್ಲಿಯ ಮೊದಲ ವರ್ಷ ಗಣಿತದ ಉಪಾಧ್ಯಾಯರಿಗೆ ಇವರಲ್ಲಿ ವಿಶೇಷವೇನೂ ಕಾಣಲಿಲ್ಲ. ಬಾಲಿಕೆಗೆ ಆ ವಿಷಯದ ಆಸೆಯೇ ಬತ್ತಿತು. ಮರುವರ್ಷ ಬೇರೊಬ್ಬರು ಉತ್ತೇಜನ ಕೊಟ್ಟಮೇಲೆ ಚಿಗುರಿತು. ಹುಡುಗರ ಶಾಲೆಯಲ್ಲಿ ಕಠಿನ ಪ್ರಶ್ನೆಗಳನ್ನು ಬಿಡಿಸುವ ವರ್ಗಗಳಿರುವಾಗ ತಮಗೇಕಿಲ್ಲವೆಂದು ಗೆಳತಿಯೊಡನೆ ಹೋಗಿ ಮುಖ್ಯೋಪಾಧ್ಯಾಯಿನಿಯನ್ನು ಕೇಳಿದರು; ಆಕೆ ಏರ್ಪಡಿಸಿಕೊಟ್ಟರು. 1994ರಲ್ಲಿಯೂ 1995ರಲ್ಲಿಯೂ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಸುವರ್ಣಪದಕ. ಎರಡನೆಯ ಸಲ 42ಕ್ಕೆ 42 ಅಂಕಗಳು. 2014ರಲ್ಲಿ ಫೀಲ್ಡ್ಸ್ ಪದಕವನ್ನು ಪಡೆದ ಮೊದಲ ಮಹಿಳೆಯಾದರು. 2017ರಲ್ಲಿ, ನಲವತ್ತೇ ವರ್ಷಕ್ಕೆ, ಅರ್ಬುದ ರೋಗದಿಂದ ತೀರಿಕೊಂಡರು. ಆ ಮುಖ್ಯೋಪಾಧ್ಯಾಯಿನಿ ‘ನಿಮಗೆ ಅದೆಲ್ಲ ಏತಕ್ಕೆ?’ ಎಂದಿದ್ದರೆಂದು ಊಹಿಸಿಕೊಂಡರೆ ನಮಗೆ ಮೈ ಝುಮ್ಮೆನ್ನುತ್ತದೆ.

ಆ ಒಲಿಂಪಿಯಾಡಿನಲ್ಲಿ ಬಾಲಿಕೆಯರು ಹತ್ತರಲ್ಲಿ ಒಬ್ಬರೆಂಬಷ್ಟು ವಿರಳ. ಅದನ್ನು ನೋಡಿಯೇ ಬಾಲಿಕೆಯರಿಗಾಗಿ ಐರೋಪ್ಯ ಗಣಿತ ಒಲಿಂಪಿಯಾಡೊಂದು 2012ರಲ್ಲಿ ಕೇಂಬ್ರಿಡ್ಜಿನಲ್ಲಿ ಆರಂಭವಾಯಿತು. ದೇಶಕ್ಕೆ ನಾಲ್ವರು, ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆಯಲ್ಲಿ ಮೂರೇ ಪ್ರಶ್ನೆಗಳು. ಐರೋಪ್ಯವೆಂಬ ಹೆಸರಿದ್ದರೂ ಇತರರಿಗೂ ಪ್ರವೇಶವುಂಟು. 2015ರಿಂದ ನಮ್ಮ ದೇಶದ ಬಾಲಿಕೆಯರೂ ಹೋಗತೊಡಗಿದರು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಮೇಲ್ವಿಚಾರಣೆಯ ಗಣಿತ ಒಲಿಂಪಿಯಾಡ್ ಪರೀಕ್ಷೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಾಲಿಕೆಯರಿಗೆ ಇದಕ್ಕಾಗಿ ತರಬೇತಿಯುಂಟು. ಮೊದಲ ಮೆಟ್ಟಿಲಿನ ಪರೀಕ್ಷೆಗೆ ಕೂರಲು ಯಾರ ಶಿಫಾರಸೂ ಬೇಡ. ಮನೆಯವರು ಹೆಸರು ಕೊಡಿಸಿದರಾಯಿತು.

ದೂರದ ಶಿಬಿರಕ್ಕೆ ಮಗಳನ್ನು ಕಳುಹಿಸುವ ಅನುಕೂಲ ಎಲ್ಲ ಗೃಹಸ್ಥರಿಗೂ ಇರದು. ಖರ್ಚಿನ ಮಾತುಂಟು, ಎಲ್ಲಿರುವಳು, ಯಾರು ನೋಡಿಕೊಳ್ಳುವರೆಂಬ ತಾಯಿಯ ಚಿಂತೆಯುಂಟು. ಆದರೆ ಸೌತ್ ಹ್ಯಾಡ್ಲಿಯ ಪದ್ಧತಿಗೆ ಬೇಕಾದುದು ಇಬ್ಬರು ಬಾಲಿಕೆಯರು, ಒಂದು ಚಾಪೆ, ಒಂದು ಸ್ಲೇಟು. ನೆರೆಮನೆಯ ಹುಡುಗಿಯನ್ನೂ ಕರೆದು ಮಧ್ಯಾಹ್ನ ಒಂದು ಗಂಟೆ ಕೂರಿಸಿ, ಒಬ್ಬಳು ಹೇಳಲಿ, ಒಬ್ಬಳು ಕೇಳಲಿ. ಆ ಗಂಟೆಯಲ್ಲಿ ನೀರು ತಾ, ಮಗುವನ್ನೆತ್ತಿಕೊ ಎಂದು ಮನೆಯವರು ಕರೆಯದಿದ್ದರೆ ಸಾಕು. ತಂದೆಯವರು ಪಕ್ಕದಲ್ಲಿ ಕುಳಿತು ಉತ್ತರವನ್ನು ಹೇಳಿಕೊಡಲೂ ಬಾರದು. ಇದು ಕಠಿನವಾದ ವ್ರತವೆಂದು ಬಲ್ಲೆವು.

ಮೊದಲ ದಿನಕ್ಕೆ ಬೇಕೆಂದರೆ ಮೇಲಿನ ಪುಸ್ತಕದ ಸಂಖ್ಯೆಯಿಂದಲೇ ಒಂದು ಪ್ರಶ್ನೆಯಿದೆ. ಅಂಗಡಿಯವನು ಅಂಕೆಗಳನ್ನು ತಪ್ಪಾಗಿ ಒತ್ತದೆ, ಅಕ್ಕಪಕ್ಕದ ಎರಡನ್ನು ಹಿಂದುಮುಂದು ಮಾಡಿದನೆನ್ನಿ. 1, 2ಗಳನ್ನು ಅದಲುಬದಲು ಮಾಡಿದರೆ ಕಾವಲುಗಾರನು ಹಿಡಿಯುವನು. 2, 7ಗಳನ್ನು ಅದಲುಬದಲು ಮಾಡಿದರೆ ಹಿಡಿಯಲಾರನು. ಏಕೆ? ಹೀಗೆ ತಪ್ಪಿಸಿಕೊಳ್ಳುವ ಜೋಡಿಗಳು ಇನ್ನೆಷ್ಟಿವೆ? ಉತ್ತರವನ್ನು ನಾವು ಇಲ್ಲಿ ಬರೆಯುವುದಿಲ್ಲ.