ಬುಡದಲ್ಲಿದೆ ಲಂಟಾನದ ಗುಟ್ಟು

ನರಿಕೊಂಬಿನ ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಲಂಟಾನದ ಹೂಗೊಂಚಲು ಕಂಡರೆ ಈಗಲೂ ಕಾಲು ನಿಲ್ಲುತ್ತದೆ. ನಡುವಿನ ಎಳೆ ಹೂಗಳು ಹಳದಿ, ಅಂಚಿನ ಬಲಿತವು ಗುಲಾಬಿ. ಎಲೆ ಹೊಸಕಿದರೆ ಮಾತ್ರ ಘಾಟು ವಾಸನೆ. ಅಮೆರಿಕ ಖಂಡದ ಈ ಪೊದೆಯನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಇಂದು ಅದು ಕಾಡಿನಲ್ಲೂ ಇದೆ, ಪೇಟೆಯ ಖಾಲಿ ಸೈಟಿನಲ್ಲೂ ಇದೆ.

ಕಪ್ಪು ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಊರೆಲ್ಲ ಹರಡುತ್ತವೆ. ದನ ಇದರ ಎಲೆ ತಿಂದರೆ ಯಕೃತ್ತು ಕೆಡುತ್ತದೆ, ಬಿಸಿಲು ಬಿದ್ದಲ್ಲಿ ಚರ್ಮ ಸುಲಿಯುತ್ತದೆ. ಪೊದೆಯಡಿ ನಮ್ಮ ಕೇಪಳ, ಕುಂಟಾಲದ ಸಸಿಗಳಿಗೆ ಬೆಳಕೇ ಸಿಗದು.

ನಾನು ವರ್ಷಗಟ್ಟಲೆ ಕತ್ತಿಯಿಂದ ಸವರಿದೆ. ಮಳೆ ಬಿದ್ದೊಡನೆ ಬುಡದಿಂದ ಹತ್ತು ಚಿಗುರು. ಈಗ ಪಿಕ್ಕಾಸಿನಿಂದ ಮಣ್ಣು ಬಿಡಿಸಿ, ನೆಲಮಟ್ಟದಿಂದ ಎರಡು ಬೆರಳು ಕೆಳಗೆ ತಾಯಿಬೇರು ಕಡಿದು, ಗಿಡವನ್ನು ತಲೆಕೆಳಗಾಗಿಸಿ ಒಣಗಿಸುತ್ತೇನೆ. ಹಣ್ಣಾಗುವ ಮೊದಲೇ ಮಾಡಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ.

ಕಿತ್ತ ಜಾಗ ಬರಿದಾಗಿದ್ದರೆ ಲಂಟಾನ ಮರಳುತ್ತದೆ. ಅಲ್ಲಿ ಕೇಪಳ ನೆಡಿ. ನಮ್ಮ ಗುಡ್ಡೆಗೆ ಅದರ ಕೆಂಪೇ ಚಂದ.